ಮಣ್ಣೂರಿನ ನಾವೆಕಟ್ಟೆ

ಭೀಮಾ ನದಿಯೊಳಗೆ ಕೈಚಾಚಿದ ಹಾಗೆ ನಿಂತ ಮಣ್ಣೂರಿನ ನಾವೆಕಟ್ಟೆಯ ಇತಿಹಾಸವನ್ನು ಎಷ್ಟು ಜನರ ಮುಂದೆ ಒದರಿದ್ದೇನೋ, ಬಾಯಿ ಬತ್ತಿಹೋಗಿದೆ. ನಿಜಾಮರ ಕಾಲದ ತಾಲೂಕದಾರನೊಬ್ಬ ತನ್ನ ಬೂಟು ಕೆಸರಾಗದಂತೆ ದೋಣಿ ಹತ್ತಬೇಕೆಂದು ಅದನ್ನು ಕಟ್ಟಿಸಿದ. ಅವನೂ ಹೋದ, ಬೂಟೂ ಹೋದವು, ಕಟ್ಟೆ ಉಳಿಯಿತು. ಒಮ್ಮೆ ಮಹಾಪೂರ ಬಂದು ನಡು ಮುರಿಯಿತು. ಊರವರೇ ಮತ್ತೆ ಕಲ್ಲು ಹೊಂದಿಸಿದರು. ಸಂತೆಯ ಜೋಳ, ಬಾಣಂತಿಯರು, ಬೀಗರು ಎಲ್ಲ ಅಲ್ಲಿಂದಲೇ ದಾಟಿದ್ದು. ಆಮೇಲೆ ಸೇತುವೆ ಬಂತು, ದೋಣಿಗಳು ನಿಂತವು. ಈಗ ಸಂಜೆ ಮಿರ್ಚಿಭಜಿ ತಿನ್ನುವವರು, ತುದಿಯಲ್ಲಿ ನಿಂತು ಸೆಲ್ಫಿ ತೆಗೆಯುವವರು ಬಿಟ್ಟರೆ ಅದನ್ನು ಕೇಳುವವರಿಲ್ಲ.

ಅದನ್ನು ಒಡೆಯಬೇಕೋ ಬೇಡವೋ ಎಂದು ಮರುದಿನ ಗ್ರಾಮಸಭೆ ಇತ್ತು. ಕಟ್ಟೆ ಉಳಿಸಿರೆಂದು ಕಚೇರಿ ಕಚೇರಿ ಅಲೆದು ನನ್ನ ಮೊಣಕಾಲು ಸವೆದಿದ್ದವು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಮುದುಕಿಯ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ? ಆದರೆ ಒಡೆಯುವುದು ಬೇಡವೆಂದು ಮಾಳಿಂಗ ಹೇಳಿದರೆ ಊರು ಒಂದು ಕಲ್ಲೂ ಮುಟ್ಟುವುದಿಲ್ಲ. ಅವನು ಅಲ್ಲಿಯ ಕೊನೆಯ ಅಂಬಿಗ. ಕಟ್ಟೆಯ ಕಲ್ಲು ಜೋಡಿಸಿದವನು ಅವನ ಮುತ್ಯಾ, ಅಂದರೆ ಅಜ್ಜ. ಅದಕ್ಕೇ ಅಫಜಲಪುರದಿಂದ ಬಸ್ಸು ಹಿಡಿದು ಅವನ ಮನೆಗೆ ಹೋದೆ.

ಮಾಳಿಂಗ ಗೋಡೆಗೆ ಒರಗಿ ಕೂತಿದ್ದ, ಏಳಲಿಲ್ಲ. ಅವನ ಹೆಂಡತಿ ರೇವಮ್ಮ ಚಾಪೆ ಹಾಸಿ ಒಂದು ಚರಿಗೆ ನೀರು ಕೊಟ್ಟಳು, ಅಷ್ಟೇ. ಎಷ್ಟು ಹೊತ್ತಾದರೂ ಚಹಾದ ಸುದ್ದಿಯೇ ಇಲ್ಲ. ನಮ್ಮ ಕಡೆ ಆಗದವನು ಬಂದರೂ ಚಹಾ ಕುಡಿಸದೆ ಕಳಿಸುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕ ಬೇ ರೇವಮ್ಮ, ನಾ ಬಂದದ್ದು ಭಾರ ಆತೇನು?"

"ಹಂಗ್ಯಾಕ ಅಂತೀರಿ ಬಾಯಾರ? ನಿನ್ನಿ ಸಂಜಿಕ ನೆಲೋಗಿ ಊರ ಹುಡುಗ ಒಬ್ಬ ಫೋಟೊ ತೆಗ್ಯಾಕ ಹೋಗಿ ಕಟ್ಟಿ ತುದಿಯಿಂದ ಬಿದ್ದ. ಇವತ್ತ ಮುಂಜಾನಿ ಇವರೇ ತಗದ್ರು. ಹೆಣ ತಗದ ದಿನ ನಮ್ಮ ಮನ್ಯಾಗ ಒಲಿ ಹಚ್ಚಂಗಿಲ್ರಿ." ತಣ್ಣಗಿದ್ದ ಒಲೆಯ ಕಡೆ ನೋಡಿದಳು. "ಈ ವರ್ಷ ಭಾಳ ಸಲ ಆತ್ರಿ."

ನನಗೆ ನಾಚಿಕೆಯಾಯಿತು. ಆದರೂ ಬಂದ ಕೆಲಸ ಬಿಡಲಾಗಲಿಲ್ಲ, ಹಟಮಾರಿ ಜೀವ ನನ್ನದು.

"ಮಾಳಿಂಗ, ನಾಳೆ ಸಭಾದಾಗ ಏನ ಹೇಳ್ತಿ?"

"ಒಡೀರಿ ಅಂತೇನಿ ಬಾಯಾರ."

"ಅದನ್ನ ಕಟ್ಟಿದವ ನಿಮ್ಮ ಮುತ್ಯಾ ಲೇ!"

"ಹೌದ್ರಿ. ಮಂದಿನ್ನ ದಾಟಸಾಕ ಕಟ್ಟಿದ್ದ." ನೀರಿಗೆ ಸುಕ್ಕಾಗಿ ಬೆಳ್ಳಗಾದ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ನಾ ಬರೇ ಹೆಣ ತೆಗ್ಯಾಕತ್ತೇನಿ. ನಂಗ ಸಾಕಾಗೇದ್ರಿ."

ಚರಿಗೆಯ ನೀರು ಕುಡಿದು ಎದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ.

ಸಭೆಯಲ್ಲಿ ಎಲ್ಲರೂ ಮಾಳಿಂಗನ ಮುಖ ನೋಡಿದರು. ಅವನು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಮುತ್ಯಾ ಕಟ್ಟಿದ್ದನ್ನು ಒಡೀರಿ ಅನ್ನುವ ಮಾತು ಮೊಮ್ಮಗನ ಬಾಯಿಂದ ಬರುವುದು ಬೇಡ ಅನಿಸಿತು.

"ಒಡೀರಿ," ಅಂದೆ, ಅಂದು ಎಲ್ಲರ ಎದುರಿಗೇ ಅತ್ತುಬಿಟ್ಟೆ.