ಬೂದಿ ಚೆಲ್ಲಿದ ಹಾದಿ

ಉಂಗುರ ಕಳೆದುಕೊಂಡವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇಲ್ಲೇ ಬಿದ್ದಿದೆ, ನನಗೆ ಗ್ಯಾರಂಟಿ ಗೊತ್ತು." ಅವರು ಬೆರಳು ಮಾಡಿ ತೋರಿಸಿದ ಜಾಗದಲ್ಲಿ ಉಂಗುರ ಸಿಕ್ಕಿದ್ದು ನನ್ನ ಅನುಭವದಲ್ಲಿ ತೀರಾ ಕಡಿಮೆ. ಲಾರಿ ಓಡಿಸುವುದು ಬಿಟ್ಟ ಮೇಲೆ ಹೊತ್ತು ಹೋಗಲಿ ಎಂದು ಕೊಂಡ ಮೆಟಲ್ ಡಿಟೆಕ್ಟರ್ ಈಗ ನನ್ನ ಕೊರಳಿಗೇ ಉರುಳಾಗಿದೆ. ಸುಪೀರಿಯರ್ ಸರೋವರದ ಈ ದಡದಲ್ಲಿ ಯಾರ ಬೆರಳಿನಿಂದ ಏನು ಜಾರಿದರೂ ಫೋನು ಬರುವುದು ನನಗೆ. ಹಿಮ ಕರಗಿ ನೆಲ ಕಾಣಿಸಿತೆಂದರೆ ಮುಗಿಯಿತು, ಚಳಿಗಾಲವಿಡೀ ಕಳೆದದ್ದೆಲ್ಲ ಜನರಿಗೆ ಒಟ್ಟಿಗೇ ನೆನಪಾಗುತ್ತದೆ. ಮಂಡಿ ನೋವು, ಸೊಂಟ ನೋವು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸೈಮಾ ಕೊಸ್ಕೆಲಾ ಫೋನು ಮಾಡಿದಾಗ ಮಾತ್ರ ನಾನು ನೆಪ ಹೇಳಲಿಲ್ಲ. ಅವಳ ಗಂಡ ಅರ್ವೋ ಮತ್ತು ನಾನು ಒಂದೇ ಕಂಪನಿಯಲ್ಲಿ ಮರದ ದಿಮ್ಮಿ ಸಾಗಿಸಿದವರು, ಒಂದೇ ಡಬ್ಬಿಯ ಊಟ ಹಂಚಿಕೊಂಡು ತಿಂದವರು.

"ಎಲ್ಮರ್, ನನ್ನ ಉಂಗುರ ಹೋಯ್ತು ಕಣೋ," ಎಂದಳು.

"ಯಾವಾಗ?"

"ಫೆಬ್ರವರಿಲಿ."

"ಈಗ ಹೇಳ್ತಿದ್ದೀಯಾ?"

"ಎದೆಮಟ್ಟ ಹಿಮ ಇತ್ತಲ್ಲ. ಆಗ್ಲೇ ಹೇಳಿದ್ರೆ ಏನು, ಮೂಗಲ್ಲಿ ಅಗೀತಿದ್ಯಾ?"

ದನಿಯಲ್ಲಿ ಕುಚೋದ್ಯವಿತ್ತು, ಆದರೆ ಅದರಡಿಯಲ್ಲಿ ಅವಳು ಎಷ್ಟು ಸೋತಿದ್ದಾಳೆಂದು ನನಗೆ ಗೊತ್ತಿತ್ತು. ಅರ್ವೋನ ಮರೆವು ಕೈಮೀರಿ, ಕ್ರಿಸ್‌ಮಸ್ ಕಳೆದ ಮೇಲೆ ಅವನನ್ನು ಊರಿನ ವೃದ್ಧರ ಆರೈಕೆ ಮನೆಗೆ ಸೇರಿಸಿದ್ದಳು. ಅವನಿಗೆ ಯಾರ ಮುಖವೂ ನೆನಪಿರಲಿಲ್ಲ. ಉಳಿದದ್ದು ಉಂಗುರ ಒಂದೇ. ಸೈಮಾ ಹೋಗಿ ಪಕ್ಕದಲ್ಲಿ ಕೂತರೆ ಅವಳ ಕೈ ಹಿಡಿದು, ಆ ತೆಳ್ಳನೆಯ ಚಿನ್ನದ ಉಂಗುರವನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿ, "ಬಂದ್ಯಾ?" ಎನ್ನುತ್ತಿದ್ದ. ಆಮೇಲೆ ಬಾಯಿ ತೆರೆದು ಅವಳು ತಿನ್ನಿಸಿದ್ದನ್ನು ತಿನ್ನುತ್ತಿದ್ದ. ಉಂಗುರ ಹೋದ ದಿನದಿಂದ ಚಮಚವನ್ನು ತಳ್ಳುತ್ತಾನೆ. "ನೀವು ಹೋಗಿ, ನನ್ನ ಹೆಂಡ್ತಿ ಬರ್ತಾಳೆ," ಎನ್ನುತ್ತಾನೆ. ದಾದಿಯರ ಕೈಯಿಂದಲೂ ಅರೆಹೊಟ್ಟೆಗಿಂತ ಹೆಚ್ಚು ತಿನ್ನುವುದಿಲ್ಲ. ಸೈಮಾ ಅಂಥದೇ ಇನ್ನೊಂದು ಉಂಗುರ ಕೊಂಡು ಹಾಕಿಕೊಂಡು ಹೋದಳಂತೆ. ಒಂದು ಸಲ ತಿರುಗಿಸಿ ನೋಡಿ, "ಇದಲ್ಲ," ಎಂದು ಕೈ ಬಿಟ್ಟನಂತೆ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿಲ್ಲ ಎಂದಳು.

ಹಾಗಾಗಿ ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅವಳ ಅಂಗಳದಲ್ಲಿ ನಿಂತಿದ್ದೆ. ನೆಲ ಇನ್ನೂ ಕೆಸರು. ಮೂಲೆಯಲ್ಲಿ ಕೊಳಕು ಹಿಮದ ಗುಡ್ಡೆ. ಮನೆ ಇತ್ತ, ಬಿಸಿ ಆವಿಯ ಸ್ನಾನದ ಸೌನಾ ಕೊಠಡಿ ಅತ್ತ, ನಡುವೆ ಕಾಲುಹಾದಿ.

"ಅವತ್ತು ಶನಿವಾರ. ಸೌನಾ ಮುಗಿಸಿ, ಉಂಗುರ ಹಾಕ್ಕೊಂಡು ಬರ್ತಾ ಈ ಮೆಟ್ಟಿಲ ಹತ್ರ ಜಾರಿ ಬಿದ್ದೆ. ಇಲ್ಲೇ ಬಿದ್ದಿದೆ. ನನಗೆ ಗ್ಯಾರಂಟಿ ಗೊತ್ತು," ಎಂದಳು ಸೈಮಾ.

ನಾನು ಹೆಡ್‌ಫೋನ್ ಹಾಕಿಕೊಂಡೆ.

ಮಧ್ಯಾಹ್ನದವರೆಗೆ ಮೆಟ್ಟಿಲ ಸುತ್ತ ಒಂದಂಗುಲವೂ ಬಿಡದೆ ಡಿಟೆಕ್ಟರ್ ಆಡಿಸಿದೆ. ಬೀರ್ ಬಾಟಲಿಯ ಮುಚ್ಚಳ, ತುಕ್ಕು ಹಿಡಿದ ಕೀಲು, ಒಂದು ಚಮಚ, ಅರ್ವೋ ವರ್ಷಾನುಗಟ್ಟಲೆ ಹುಡುಕಿದ್ದನೆಂದು ಸೈಮಾ ಹೇಳಿದ ಒಂದು ಸ್ಪ್ಯಾನರ್ ಸಿಕ್ಕವು. ಪ್ರತಿ ಸಲ ಬಗ್ಗಿ ಎದ್ದಾಗಲೂ ಸೊಂಟ ಬೈಯುತ್ತಿತ್ತು. ಸೈಮಾ ಕೈ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತು, ನಾನು ಬಗ್ಗಿದಾಗಲೆಲ್ಲ ಕತ್ತು ಚಾಚುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನಷ್ಟು ರೇಗುತ್ತಿತ್ತು. ಅವಳ ಮೇಲಲ್ಲ. ಯಾರ ಮೇಲೆಂದು ಕೇಳಿದರೆ ಹೇಳಲಾರೆ.

ಗಾಳಿ ಜೋರಾಯಿತು. ಸೈಮಾ ಕಾಫಿಯನ್ನೂ ಏಲಕ್ಕಿ ಹಾಕಿದ ಬ್ರೆಡ್ಡನ್ನೂ ತಂದಳು. ಬೂಟಿನ ಕೆಸರು ಮನೆಯೊಳಗೆ ಬೇಡವೆಂದು ಸೌನಾದ ಹೊರಕೋಣೆಯಲ್ಲಿ, ಬಟ್ಟೆ ಬಿಚ್ಚಿಡುವ ಬೆಂಚಿನ ಮೇಲೆ ಕೂತೆವು. ಗೋಡೆಯ ಹಲಗೆಗಳು ಹೊಗೆಯ ವಾಸನೆ ಬಿಡುತ್ತಿದ್ದವು.

"ಸಾಕಾಯ್ತು ಕಣೇ. ಅಲ್ಲಿ ಇಲ್ಲ," ಎಂದೆ.

"ಸರಿಯಾಗಿ ನೋಡಿದ್ಯಾ?"

"ಇಲ್ಲ, ನಿದ್ದೆ ಮಾಡ್ತಿದ್ದೆ!"

ಅವಳು ನಗಲಿಲ್ಲ. ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಸುಮ್ಮನೆ ಹಿಡಿದುಕೊಂಡಳು. ಅದು ನೆನೆದು ಬಟ್ಟಲಿಗೇ ಬಿತ್ತು. "ನನಗೂ ಸಾಕಾಗಿದೆ ಎಲ್ಮರ್. ದಿನಾ ಹೋಗ್ತೀನಿ. ದಿನಾ ನೀವ್ಯಾರು ಅಂತಾನೆ. ನಾನೂ ದಿನಾ ನಗ್ತಾ ಹೇಳ್ತೀನಿ. ಆಮೇಲೆ ಕಾರಲ್ಲಿ ಕೂತ್ಕೊಂಡು, ಕೀ ತಿರುಗಿಸೋಕೂ ಕೈ ಬರಲ್ಲ."

ನಾನು ಗೂಡಿನ ಕಡೆ ನೋಡಿದೆ. ಅಲ್ಲಿ ಕಾಫಿ ಪುಡಿಯ ಖಾಲಿ ಡಬ್ಬಿಗಳು ಸಾಲಾಗಿದ್ದವು. ನಮ್ಮ ಕಡೆ ಕಾಫಿ ಡಬ್ಬಿ ಎಸೆಯುವ ಮನೆಯೇ ಇಲ್ಲ. ಮೊಳೆಗೊಂದು, ಬೀಜಕ್ಕೊಂದು, ಬೆಂಕಿಕಡ್ಡಿಗೊಂದು. ನನ್ನ ಮನೆಯಲ್ಲೂ ಇದೇ ಸಂಸಾರ.

"ಒಳಗೆ ಹೋಗೋವಾಗ ಉಂಗುರ ಎಲ್ಲಿಡ್ತೀಯ?" ಎಂದು ಸುಮ್ಮನೆ ಕೇಳಿದೆ. ಸೌನಾದ ಕಾವಿಗೆ ಲೋಹ ಸುಡುತ್ತದೆ, ಉಂಗುರ ಹಾಕಿಕೊಂಡು ಒಳಗೆ ಹೋಗುವವರು ಇಲ್ಲಿ ಯಾರೂ ಇಲ್ಲ.

"ಡಬ್ಬಿಲಿ. ಮದುವೆ ಆದಾಗಿಂದ ಅದೇ ಜಾಗ." ಬೆಂಚಿನ ತುದಿಯಲ್ಲಿದ್ದ ಕೆಂಪು ಡಬ್ಬಿ ತೋರಿಸಿದಳು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದಿತ್ತು.

"ಆ ಇನ್ನೊಂದು ಯಾತಕ್ಕೆ?"

"ಅದು ಬೂದಿಗೆ. ಬೂದಿ ತೆಗೆಯೋದು ಅರ್ವೋ ಕೆಲಸ ಅಲ್ವಾ? ಅವ್ನು ಬಾಗಿಲ ಹೊರಗೆ ನೆಲದ ಮೇಲೆ ಇಡ್ತಿದ್ದ. ನನಗೆ ಬಗ್ಗೋಕಾಗಲ್ಲ, ಅದಕ್ಕೇ ಈಗ ಬೆಂಚ್ ಮೇಲೆ..."

ಅವಳು ಬಟ್ಟಲನ್ನು ಕೆಳಗಿಟ್ಟಳು.

"ಸೌನಾ ಮುಗಿಸಿ ಉಂಗುರ ಹಾಕ್ಕೊಂಡೆ ಅಂದ್ಯಲ್ಲ?" ಎಂದೆ.

"ಪ್ರತಿ ಸಲಾನೂ ಹಾಕ್ಕೊಳ್ತಿದ್ದೆ. ಅದಕ್ಕೇ ಅವತ್ತೂ ಹಾಕ್ಕೊಂಡಿರ್ತೀನಿ ಅಂದ್ಕೊಂಡೆ." ಅವಳ ಮುಖ ಬಿಳಿಚಿಕೊಂಡಿತ್ತು. "ಅವತ್ತು ಅವ್ನ ಹತ್ರ ಇಡೀ ದಿನ ಇದ್ದು ಬಂದಿದ್ದೆ. ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ಉಂಗುರಾನ ಬೂದಿ ಡಬ್ಬಿಗೆ ಹಾಕ್ಬಿಟ್ಟೆನಾ? ಮಾರನೇ ದಿನ ಆ ಬೂದೀನ ಹಾದಿ ತುಂಬ ಚೆಲ್ಲಿದ್ದೆ ಎಲ್ಮರ್, ರಸ್ತೆವರೆಗೂ!"

ಮಂಜುಗಟ್ಟಿದ ಹಾದಿಯಲ್ಲಿ ಕಾಲು ಜಾರದಿರಲೆಂದು ನಾವೆಲ್ಲ ಒಲೆಯ ಬೂದಿ ಚೆಲ್ಲುತ್ತೇವೆ. ಮನೆಯಿಂದ ಸೌನಾಗೆ, ಅಲ್ಲಿಂದ ರಸ್ತೆಯಂಚಿನ ಟಪಾಲು ಪೆಟ್ಟಿಗೆಗೆ, ಅವಳ ಹಾದಿಯಿಡೀ ಬೂದು ಬಣ್ಣಕ್ಕೆ ತಿರುಗಿತ್ತು. ಎದ್ದು ಹೋಗಿ ಡಿಟೆಕ್ಟರ್ ಇಟ್ಟೆ. ಕಿವಿ ಹರಿದುಹೋಗುವಂತೆ ಕಿರುಚಿಕೊಂಡಿತು. ಒಂದು ಹೆಜ್ಜೆ ಮುಂದಿಟ್ಟರೂ ಅದೇ ರಗಳೆ. ಕೆದಕಿದರೆ ಮೊಳೆ, ಮತ್ತೆ ಮೊಳೆ, ಸುಟ್ಟು ಕಪ್ಪಾದ ಮೊಳೆ. ಅರ್ವೋ ಹಳೆ ಕೊಟ್ಟಿಗೆ ಕೆಡವಿದ ಹಲಗೆಗಳನ್ನು ವರ್ಷಗಟ್ಟಲೆ ಸೌನಾ ಒಲೆಗೆ ಹಾಕಿದ್ದ.

ನನಗೆ ಪಿತ್ತ ನೆತ್ತಿಗೇರಿತು. "ಮೊಳೆ ಕಿತ್ತು ಒಲೆಗೆ ಹಾಕೋಕೆ ಏನು ಧಾಡಿಯಾಗಿತ್ತು ನಿನ್ನ ಗಂಡನಿಗೆ?"

"ಮೊಳೆ ಇದ್ರೆ ಕಾವು ಜಾಸ್ತಿ ಅಂತಿದ್ದ."

"ಸೋಮಾರಿ!"

"ಸೋಮಾರೀನೇ," ಎಂದಳು ಸೈಮಾ. ಆಗ ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಅವಳು ಗೋಡೆ ಹಿಡಿದು ನಿಂತಳು. ನಗು ನಿಂತ ಮೇಲೂ ಹಾಗೇ ನಿಂತಿದ್ದಳು.

ಕಬ್ಬಿಣದ ಗಲಾಟೆಯ ನಡುವೆ ಒಂದು ತೆಳ್ಳನೆಯ ಚಿನ್ನದ ಉಂಗುರದ ದನಿ ಕೇಳಿಸುವುದಿಲ್ಲ. ಮೊದಲು ಮೊಳೆ ಹೋಗಬೇಕು. ಛಾವಣಿ ರಿಪೇರಿಯವರ ಬಳಿ ಗಾಲಿಯ ಮೇಲೆ ಎಳೆಯುವ ಉದ್ದನೆಯ ಅಯಸ್ಕಾಂತ ಇರುತ್ತದೆ. ಕಾಡಿ ಬೇಡಿ ಅದನ್ನು ತಂದು ಮರುದಿನ ಬೆಳಿಗ್ಗೆ ಎಳೆಯಲು ಶುರುಮಾಡಿದೆ. ನಾನು ಎಳೆಯುವುದು, ಸೈಮಾ ಅದಕ್ಕೆ ಅಂಟಿದ ಮೊಳೆಗಳನ್ನು ಬಳಿದು ಹಾಕುವುದು. ಎಲ್ಲಿಗೆ ಎಂದು ಕೇಳಬೇಡಿ. ಇನ್ನೊಂದು ಕಾಫಿ ಡಬ್ಬಿಗೆ.

ಮೊಳೆ ಖಾಲಿಯಾದ ಮೇಲೆ ಹಾದಿ ಸುಮ್ಮನಾಯಿತು. ಡಿಟೆಕ್ಟರನ್ನು ನೆಲಕ್ಕೆ ತಾಗುವ ಹಾಗೆ ಹಿಡಿದು, ಮೈಯೆಲ್ಲ ಕಿವಿಯಾಗಿ ನಡೆದೆ. ಸೌನಾ ಬಾಗಿಲಲ್ಲಿ ಇಲ್ಲ. ಮನೆಯ ತಿರುವಿನಲ್ಲಿ ಇಲ್ಲ. ರಸ್ತೆಯ ಇಳಿಜಾರಿಗೆ ಬಂದಾಗ, ಟಪಾಲು ಪೆಟ್ಟಿಗೆಯ ಕಂಬದ ಬುಡದಲ್ಲಿ, ತಗ್ಗಿದ ದನಿಯಲ್ಲಿ ಒಮ್ಮೆ ಮಿಡಿಯಿತು. ಹಿಂದಕ್ಕೆ ತಂದೆ. ಮತ್ತೆ ಅದೇ ದನಿ. ಸೈಮಾ ಡಬ್ಬಿಯ ತಳ ತಟ್ಟಿ ಕೊಡವಿದ ಜಾಗವಿರಬೇಕು. ಮಂಡಿಯೂರಿ ಒದ್ದೆ ಬೂದಿಯೊಳಗೆ ಬೆರಳಾಡಿಸಿದೆ.

"ಸೈಮಾ," ಎಂದೆ. ಅಂಗೈಯಲ್ಲಿದ್ದ ಉಂಗುರ ಚಾಚಿದೆ.

ಅವಳು ಅಳಲಿಲ್ಲ, ನನ್ನನ್ನು ತಬ್ಬಿಕೊಳ್ಳಲೂ ಇಲ್ಲ. ಉಂಗುರಕ್ಕೆ ಉಗುಳು ಹಚ್ಚಿ ಸ್ವೆಟರಿನ ಅಂಚಿನಿಂದ ತಿಕ್ಕಿ ಬೆರಳಿಗೆ ಹಾಕಿಕೊಂಡಳು. ಬೆರಳು ಬಡಕಲಾಗಿ ಅದು ಸಡಿಲವಾಗಿತ್ತು. ಜಾರದಿರಲೆಂದು ಮುಷ್ಟಿ ಬಿಗಿದಳು.

"ಊಟದ ಹೊತ್ತಾಯ್ತು. ಗಾಡಿ ತೆಗಿ," ಎಂದಳು.

"ಮೈಯೆಲ್ಲ ಕೆಸರು ಕಣೇ!"

"ನಿನ್ನನ್ನ ಯಾರು ನೋಡ್ತಾರೆ? ತೆಗಿ ಅಂದ್ರೆ ತೆಗಿ."

ದಾರಿಯುದ್ದಕ್ಕೂ ಅವಳು ಮುಷ್ಟಿ ಸಡಿಲಿಸಲಿಲ್ಲ. ನನಗಂತೂ ಬಹಳ ದಿನಗಳ ಮೇಲೆ ಸಂತೋಷವಾಗಿತ್ತು, ಮಂಡಿ ನೋವು ಕೂಡ ಮರೆತಿತ್ತು. ಅವನು "ಬಂದ್ಯಾ?" ಎನ್ನುವುದನ್ನು ಕಿವಿಯಾರೆ ಕೇಳಬೇಕೆಂದು ನಾನೂ ಅವಳ ಹಿಂದೆಯೇ ಒಳಗೆ ಹೋದೆ.

ಅರ್ವೋ ಕಿಟಕಿಯ ಬಳಿ ಕೂತಿದ್ದ. ಎದುರಿಗೆ ಮೀನು, ಆಲೂಗಡ್ಡೆ ಹಾಕಿದ ಹಾಲಿನ ಸಾರು ಮುಟ್ಟದೆ ಇತ್ತು. ದಿಮ್ಮಿಗೆ ಸರಪಳಿ ಬಿಗಿಯುತ್ತಿದ್ದ ಆ ತೋಳುಗಳು ಅಂಗಿಯೊಳಗೆ ಎಲ್ಲಿವೆಯೆಂದೇ ಗೊತ್ತಾಗುತ್ತಿರಲಿಲ್ಲ. ಸೈಮಾ ಕುರ್ಚಿ ಎಳೆದುಕೊಂಡು ಕೂತು, ಅವನ ತೊಡೆಯ ಮೇಲೆ ಕೈಯಿಟ್ಟಳು. ಅವನು ಕೈ ಹಿಡಿದುಕೊಂಡ. ಹೆಬ್ಬೆರಳು ಉಂಗುರ ತಾಗಿ ನಿಂತಿತು. ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಅವನ ಕಣ್ಣಲ್ಲಿ ಜೀವ ಬಂತು, ನಾನೇ ನೋಡಿದೆ.

ಆಮೇಲೆ ತಲೆಯೆತ್ತಿ ಸೈಮಾಳ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಕೆಂಪಾಯಿತು.

"ಇದು ನನ್ನ ಹೆಂಡ್ತಿದು," ಎಂದ. "ನಿಮಗೆಲ್ಲಿಂದ ಬಂತು?"

"ಲೋ ಅರ್ವೋ, ಸರಿಯಾಗಿ ನೋಡೋ, ಇವ್ಳೇ ಕಣೋ..."

"ಸುಮ್ನಿರು ಎಲ್ಮರ್," ಎಂದಳು ಸೈಮಾ.

ಅವಳ ದನಿ ಮೆಲ್ಲಗಿತ್ತು. ಕಣ್ಣು ಮುಚ್ಚಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಎರಡು ದಿನ ನೆಲ ಬಗೆದ ನನಗೇ ಆ ಕ್ಷಣ ಉಂಗುರವನ್ನು ಕಿತ್ತು ಸರೋವರಕ್ಕೆ ಎಸೆಯಬೇಕೆನಿಸಿತು. ಸೈಮಾ ಉಂಗುರ ತೆಗೆದಳು. ಅದು ತಾನಾಗಿಯೇ ಜಾರಿ ಬಂತು. ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

"ನಿಮ್ಮ ಅಂಗಳದಲ್ಲಿ ಬಿದ್ದಿತ್ತು," ಎಂದಳು. "ಕೊಟ್ಟು ಹೋಗೋಣ ಅಂತ ಬಂದೆ."

ಅರ್ವೋನ ಮುಖ ನಿಧಾನವಾಗಿ ಸಡಿಲವಾಯಿತು. ಮುಷ್ಟಿಯನ್ನು ಎದೆಗೊತ್ತಿಕೊಂಡ. "ಒಳ್ಳೆಯವ್ರು ನೀವು. ಬೇರೆಯವ್ರಾಗಿದ್ರೆ ಇಟ್ಕೊಂಡ್ಬಿಡ್ತಿದ್ರು. ಪಾಪ, ಅವ್ಳು ಹುಡುಕ್ತಿರ್ತಾಳೆ."

"ಹೌದು. ತುಂಬಾ ಹುಡುಕಿದ್ಲು."

"ಸುಸ್ತಾಗಿರತ್ತೆ ಅವ್ಳಿಗೆ."

ಸೈಮಾ ಚಮಚದಲ್ಲಿ ಸಾರು ತೆಗೆದುಕೊಂಡು ಅವನ ತುಟಿಯ ಬಳಿ ಹಿಡಿದಳು. ಅರ್ವೋ ತಳ್ಳಲಿಲ್ಲ. ನಂಬಿಕೆಯ ಹೆಂಗಸೆಂದು ತೀರ್ಮಾನಿಸಿದವನಂತೆ ಬಾಯಿ ತೆರೆದು, ನುಂಗಿ, ಮತ್ತೆ ಬಾಯಿ ತೆರೆದ. ಬಟ್ಟಲು ಅರ್ಧವಾಯಿತು.

"ನಿಮ್ಮ ಹೆಸರೇನು?" ಎಂದು ಕೇಳಿದ.

"ಸೈಮಾ."

"ನನ್ನ ಹೆಂಡ್ತಿ ಹೆಸರೂ ಅದೇ!"

"ಈ ಕಡೆ ಆ ಹೆಸರು ಜಾಸ್ತಿ," ಎಂದು ಅವಳು ಇನ್ನೊಂದು ಚಮಚ ಎತ್ತಿದಳು. "ಆರಿಹೋಗತ್ತೆ. ಬಾಯಿ ತೆಗೀರಿ."