ದುರ್ಗಮ್ಮನ ಚಾಳೀಸು

ಬಿಸಿಯೂಟದ ಅನ್ನದಲ್ಲಿ ಕಲ್ಲು ಸಿಗುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಆ ಸೋಮವಾರ ಸಿಕ್ಕ ಕಲ್ಲಿನಿಂದ ನಾಲ್ಕನೇ ಇಯತ್ತೆಯ ದೇವಿ ಎಂಬ ಹುಡುಗಿಯ ಮುಂದಿನ ಹಲ್ಲಿನ ತುದಿ ಮುರಿಯಿತು. ಹುಡುಗಿ ಬಾಯಿಗೆ ಲಂಗ ಒತ್ತಿಕೊಂಡು ಅಳುತ್ತಾ ಮನೆಗೆ ಓಡಿದಳು. ಸಂಜೆಯ ಹೊತ್ತಿಗೆ ಕೇರಿಯಲ್ಲೆಲ್ಲ ಅದೇ ಮಾತು.

ಇದು 2004ರಲ್ಲಿ, ಯಲ್ಲಾಪುರ ತಾಲೂಕಿನ ಕಿರವತ್ತಿ ಹತ್ತಿರದ ಒಂದು ಸಣ್ಣ ಊರಿನಲ್ಲಿ ನಡೆದದ್ದು. ಅಲ್ಲಿಯ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು ದುರ್ಗಮ್ಮ. ವಯಸ್ಸು ನಲವತ್ತೆಂಟು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮೊದಲು ಕಾಡಿನ ಕೂಲಿಗೆ ಹೋಗುತ್ತಿದ್ದಳು. ಸೊಂಟನೋವು ಶುರುವಾದ ಮೇಲೆ ಅದು ನಿಂತಿತು. ಆಗ ಸಿಕ್ಕಿದ್ದು ಈ ಅಡುಗೆ ಕೆಲಸ. ಮಕ್ಕಳಿಗೆ ಬಡಿಸುವಾಗ ಅವಳ ಮುಖ ನೋಡಬೇಕು, ಅಷ್ಟು ಪ್ರೀತಿ.

ಮಹಿಳಾ ಸಂಘದ ಅಧ್ಯಕ್ಷೆ ಗಿರಿಜವ್ವ ಶಾಲಾ ಸಮಿತಿಯಲ್ಲೂ ಇದ್ದಳು. ಸಮಿತಿಯ ತೀರ್ಮಾನ ಹೇಳಲು ಅವಳೇ ದುರ್ಗಮ್ಮನ ಮನೆಗೆ ಬಂದಳು.

"ದುರ್ಗಮ್ಮ, ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ಇದು ಮೂರನೇ ಸಲ ಆತು. ಆವತ್ತ ಹುಳ, ಆಮ್ಯಾಲೆ ಕೂದಲ, ಈಗ ಕಲ್ಲು. ಮುಂದಿನ ತಿಂಗಳ ಬೇರೆ ಯಾರನ್ನರ ಹಚ್ಚೂಣು ಅಂತಾರ."

"ಅಕ್ಕಾ, ಅಕ್ಕಿ ಆರಿಸೇ ಹಾಕೀನಿ. ಎರಡೆರಡು ಸಲ ಆರಿಸೀನಿ."

"ಹಂಗಾರ ಕಲ್ಲು ಎಲ್ಲಿಂದ ಬಂತು?"

ಅದು ದುರ್ಗಮ್ಮನಿಗೂ ಗೊತ್ತಿರಲಿಲ್ಲ. ತಾನೇ ಎಲ್ಲೋ ಮೈಗಳ್ಳಿ ಆಗಿದ್ದೇನೆ ಎಂದು ಅವಳಿಗೂ ಅನಿಸತೊಡಗಿತ್ತು.

ಆ ಗುರುವಾರ ಸಂಘದ ಸಭೆಗೆ ಯಲ್ಲಾಪುರದಿಂದ ನಸ್ರೀನ್ ಎಂಬ ಹೆಣ್ಣುಮಗಳು ಬಂದಿದ್ದಳು. ವಯಸ್ಸು ಇಪ್ಪತ್ತೆಂಟು. ಅಪ್ಪ ಇಸಾಕ್ ಟೆಂಪೋ ಓಡಿಸುವವರು. ನಸ್ರೀನ್ ಶಿರಸಿಯ ಕಣ್ಣಿನ ಡಾಕ್ಟರೊಬ್ಬರ ಬಳಿ ಒಂಬತ್ತು ವರ್ಷ ಕೆಲಸ ಮಾಡಿ, ಕನ್ನಡಕದ ನಂಬರು ನೋಡುವುದನ್ನು ಕಲಿತಿದ್ದಳು. ಈಗ ಆ ಕೆಲಸ ಬಿಟ್ಟು ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಯಾಕೆ ಎಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಸಭೆಯಲ್ಲಿ ಹಾಜರಿ ಪುಸ್ತಕ ದುರ್ಗಮ್ಮನ ಕೈಗೆ ಬಂತು. ಅವಳು ತೋಳು ಪೂರ್ತಿ ಚಾಚಿ ಪುಸ್ತಕವನ್ನು ದೂರ ಹಿಡಿದು ತನ್ನ ಹೆಸರು ಹುಡುಕಿದಳು. ನಸ್ರೀನ್ ಅದನ್ನೇ ನೋಡುತ್ತಿದ್ದಳು.

"ಅಕ್ಕಾ, ಪುಸ್ತಕ ಅಷ್ಟು ದೂರ ಯಾಕ ಹಿಡಿದ್ರಿ?"

"ಹತ್ತಿರ ಹಿಡಿದ್ರ ಕಲಸಿದಂಗ ಕಾಣ್ತೈತಿ."

"ದೂರದ್ದು?"

"ದೂರದ್ದು ಚಂದ ಕಾಣ್ತೈತಿ. ಆ ರೋಡಿನ ಮ್ಯಾಲಿನ ಲಾರಿ ನಂಬರ ಓದಿ ಹೇಳಲೇನು?"

ಹೆಂಗಸರು ನಕ್ಕರು. ನಸ್ರೀನ್ ನಗಲಿಲ್ಲ. ಚೀಲದಿಂದ ಅಕ್ಷರದ ಹಾಳೆ ತೆಗೆದಳು. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದಳು. ಟಾರ್ಚ್ ಹಾಕಿ ಕಣ್ಣಿನೊಳಗೆ ನೋಡಿದಳು. ಆಮೇಲೆ ಒಂದು ಕನ್ನಡಕ ಆರಿಸಿ ದುರ್ಗಮ್ಮನ ಕಿವಿಗೆ ಸಿಕ್ಕಿಸಿ, ಗಿರಿಜವ್ವನ ಮನೆಯಿಂದ ಒಂದು ಮೊರ ಅಕ್ಕಿ ತರಿಸಿ ಅವಳ ಮಡಿಲಲ್ಲಿಟ್ಟಳು.

ದುರ್ಗಮ್ಮ ಮೊರಕ್ಕೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಬೆರಳಿನಿಂದ ಒಂದು ಕಲ್ಲು ತೆಗೆದಳು, ಇನ್ನೊಂದು ತೆಗೆದಳು. ಅಕ್ಕಿಯದೇ ಬಣ್ಣದ ಒಂದು ಹುಳ ಹರಿದಾಡುವುದು ಕಾಣಿಸಿತು. ಅವಳ ಕೈ ನಿಂತಿತು.

"ಇದನ್ನೆಲ್ಲ ನಾ ಮಕ್ಕಳಿಗೆ ಉಣಿಸೀನಿ," ಎಂದಳು.

ದುರ್ಗಮ್ಮನ ಕಣ್ಣೀರು ಕನ್ನಡಕದ ಒಳಗಿನಿಂದ ಇಳಿಯುತ್ತಿತ್ತು. ನಸ್ರೀನ್ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

"ತಪ್ಪು ನಿಮ್ಮದಲ್ಲ ಅಕ್ಕಾ. ಇದಕ್ಕ ಚಾಳೀಸು ಅಂತಾರ. ನಲವತ್ತು ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಬರ್ತದ. ದೂರದ್ದು ಕಂಡರೂ ಹತ್ತಿರದ್ದು ಮಸುಕಾಗ್ತದ. ಕನ್ನಡಕ ಹಾಕಿದರ ಸಾಕು. ನಿಮಗ ಯಾರೂ ಹೇಳಲಿಲ್ಲ, ಅಷ್ಟೇ."

ಹೆಂಗಸರೆಲ್ಲ ತಮಗೂ ನೋಡು ಎಂದು ಮುತ್ತಿಕೊಂಡರು. ಗಿರಿಜವ್ವ ಮಾತ್ರ ದೂರ ಕೂತಿದ್ದಳು. ಸದ್ದು ಇಳಿದ ಮೇಲೆ ಕೇಳಿದಳು.

"ಕನ್ನಡಕ ಚಲೋ ಐತಿ ಬಿಡು. ನೀ ಇಲ್ಲಿಗೆ ಬಂದಿದ್ದು ಎದಕ್ಕ, ಅದನ್ನ ಹೇಳು."

"ಇದಕ್ಕಾಗೇ ಒಂದು ಸೇವಾ ಸಂಸ್ಥೆ ಮಾಡಬೇಕಂತೀನ್ರಿ. ನೀವೂ ಇರಬೇಕು ಅದರಾಗ."

"ಸಂಸ್ಥೆ ಮಾಡವರು ಭಾಳ ಮಂದಿ ಬಂದ್ಹೋಗ್ಯಾರ. ಬೋರ್ಡ್ ಹಾಕ್ತಾರ, ಫೋಟೋ ತೆಗಸ್ತಾರ, ಹೋಗ್ತಾರ. ಒಬ್ಬರು ಬಂದು ಆರು ಹೊಲಿಗೆ ಮಿಷನ್ ಕೊಟ್ಟ್ರು. ನಮಗ ಏನ್ ಬೇಕಂತ ಕೇಳಲೇ ಇಲ್ಲ. ಒಂದರ ಮ್ಯಾಲೆ ಕೋಳಿ ಮೊಟ್ಟಿ ಇಡ್ತೈತಿ ಈಗ."

ನಸ್ರೀನ್ ತನ್ನ ತಾಯಿಯ ಕಥೆ ಹೇಳಿದಳು.

ಅವಳ ತಾಯಿ ಕುಬ್ರಾ ಯಲ್ಲಾಪುರದಲ್ಲಿ ಬಟ್ಟೆ ಹೊಲಿಯುತ್ತಿದ್ದರು. ರಂಜಾನ್ ಬಂತೆಂದರೆ ಮನೆ ತುಂಬ ಬಟ್ಟೆ. ನಲವತ್ತಮೂರಕ್ಕೆ ಸೂಜಿಯ ಕಣ್ಣು ಕಾಣದಾಯಿತು. ಹೊಲಿಗೆ ಸೊಟ್ಟಗಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ವಯಸ್ಸಾಯಿತು ಎಂದುಕೊಂಡು ಕುಬ್ರಾ ಮಿಷನ್ ಮಾರಿದರು. ನಸ್ರೀನ್ ಆಗ ಪಿಯುಸಿ ಮೊದಲ ವರ್ಷದಲ್ಲಿದ್ದಳು. ಓದು ಅಲ್ಲಿಗೇ ನಿಂತಿತು. ಕೆಲಕಾಲ ಮನೆಯಲ್ಲಿದ್ದು, ಆಮೇಲೆ ಶಿರಸಿಯ ಡಾಕ್ಟರ ಬಳಿ ನೆಲ ಒರೆಸುವ, ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಎರಡು ವರ್ಷ ಕಳೆದ ಮೇಲೆ ಒಂದು ದಿನ, ತಾಯಿಗೆ ಬಂದದ್ದೂ ಇದೇ ಚಾಳೀಸು ಎಂದು ಅವಳಿಗೆ ಹೊಳೆಯಿತು. ಊರಿಗೆ ಹೋಗುವಾಗ ಒಂದು ಕನ್ನಡಕ ಕೊಂಡಳು.

"ಅಮ್ಮೀ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ್ರು. ಒಂದೇ ಸಲಕ್ಕ ಹೋತು. ಅವರು ನಗಲಿಲ್ಲ, ಅಳಲಿಲ್ಲ. ನನ್ನ ಮುಖ ನೋಡಿ 'ಇಷ್ಟೇ ಇತ್ತಾ?' ಅಂತ ಕೇಳಿದ್ರು."

ಗಿರಿಜವ್ವ ಸೆರಗು ಸರಿಮಾಡಿಕೊಂಡಳು.

"ನಾನೂ ಮೊದಲು ದೊಡ್ಡದೇ ಮಾಡಬೇಕಂತಿದ್ದೆ," ಎಂದಳು ನಸ್ರೀನ್. "ಒಂದು ಬಸ್ಸು, ಅದರಾಗ ಆಸ್ಪತ್ರೆ. ನಮ್ಮ ಡಾಕ್ಟರು ಕೇಳಿದ್ರು, ಈ ತೊಂದರೆ ಎಷ್ಟು ಮಂದಿಗೆ ಐತಿ? ಬೇರೆ ಯಾರಾದರೂ ನೋಡ್ತಿದಾರಾ? ನೀನು ಕೊಡೋದು ಉಪಯೋಗ ಆಗ್ತದ ಅಂತ ಹೆಂಗ ಗೊತ್ತು? ಆ ಒಂದು ಬಸ್ಸಿನ ದುಡ್ಡಿನಾಗ ಇನ್ನೂ ಎಷ್ಟು ಮಂದಿಗೆ ಕಣ್ಣು ಕಾಣಸ್ತಿತ್ತು? ನನಗ ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ತ್ಯಾಗಲಿ ಊರಿಂದ ಇಲ್ಲೀ ತನಕ ಮನಿ ಮನಿ ತಿರುಗೀನಿ. ನಲವತ್ತು ದಾಟಿದ ಮುನ್ನೂರು ಮಂದಿನ್ನ ಕೇಳೀನಿ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಹತ್ತಿರದ್ದು ಕಾಣಂಗಿಲ್ಲ. ಕನ್ನಡಕ ಇದ್ದವರು ಒಂಬತ್ತೇ ಮಂದಿ. ಪೊರೆ ಬಂದರೆ ಕ್ಯಾಂಪ್ ಮಾಡ್ತಾರ. ಇದನ್ನ ಮಾತ್ರ ವಯಸ್ಸು ಅಂತ ಎಲ್ಲರೂ ಬಿಟ್ಟಾರ."

"ನನಗ ನಂಬಿಕಿ ಬರಲಿಲ್ಲ," ಎಂದಳು ಗಿರಿಜವ್ವ. "ದುರ್ಗಮ್ಮ ಒಬ್ಬಾಕಿಗೆ ಕಂಡಿತು. ನಾಲ್ಕು ದಿನಕ್ಕ ತೆಗೆದು ಮೂಲಿಗೆ ಇಟ್ರ?"

"ನಂಬಬ್ಯಾಡ್ರಿ. ನೀವೇ ಎಣಿಸಿ ನೋಡ್ರಿ."

ಹೀಗೆ ಆ ಪರೀಕ್ಷೆ ಶುರುವಾಯಿತು. ಹತ್ತಿರದ್ದು ಕಾಣದ ಇಪ್ಪತ್ತು ಹೆಂಗಸರನ್ನು ಆರಿಸಿದರು. ದುರ್ಗಮ್ಮನಿಗೆ ಆಗಲೇ ಕನ್ನಡಕ ಸಿಕ್ಕಿದ್ದರಿಂದ ಅವಳನ್ನು ಸೇರಿಸಲಿಲ್ಲ. ಚೀಟಿ ಎತ್ತಿ ಹತ್ತು ಮಂದಿಗೆ ಕೂಡಲೇ ಕನ್ನಡಕ, ಉಳಿದ ಹತ್ತು ಮಂದಿಗೆ ಒಂದು ತಿಂಗಳ ನಂತರ ಎಂದಾಯಿತು.

"ಇದು ಅನ್ಯಾಯ ಅಲ್ಲೇನು?" ಎಂದು ಗಿರಿಜವ್ವ ಕೇಳಿದಳು.

"ನನ್ನ ಕಡೆ ಈಗ ಹತ್ತೇ ಅದಾವ. ಯಾರಿಗೆ ಮೊದಲು ಅಂತ ನಾನು ಹೇಳಿದರ ಅನ್ಯಾಯ. ಚೀಟಿ ಹೇಳಲಿ."

ಗಿರಿಜವ್ವನಿಗೆ ಐವತ್ತೆರಡು. ಅವಳಿಗೂ ಹತ್ತಿರದ್ದು ಕಾಣುತ್ತಿರಲಿಲ್ಲ. ಅವಳ ಚೀಟಿಯಲ್ಲಿ 'ನಂತರ' ಎಂದು ಬಂತು. ಕನ್ನಡಕ ಸಿಗದಿದ್ದರೂ ಲೆಕ್ಕ ಇಡುವ ಕೆಲಸ ತನ್ನದೇ ಎಂದು ಹಟ ಹಿಡಿದಳು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಯೊಬ್ಬರ ಒಂದು ಸೇರು ಅಕ್ಕಿಗೆ ಇಪ್ಪತ್ತು ಬಿಳಿ ಕಲ್ಲು ಹಾಕಿಸಿದಳು. ಮೊದಲ ದಿನ, ಯಾರಿಗೂ ಕನ್ನಡಕ ಕೊಡುವ ಮುಂಚೆ, ಎಲ್ಲರೂ ಆರಿಸಿದರು. ಒಬ್ಬೊಬ್ಬರಿಗೆ ಎಂಟೋ ಒಂಬತ್ತೋ ಕಲ್ಲು ಸಿಕ್ಕಿದವು.

ತಿಂಗಳು ಕಳೆದು ಮತ್ತೆ ಆರಿಸಿದರು. ಕನ್ನಡಕವಿಲ್ಲದವರಿಗೆ ಮತ್ತೆ ಒಂಬತ್ತರ ಸುತ್ತಲೇ. ಕನ್ನಡಕ ಹಾಕಿದವರಲ್ಲಿ ಹೆಚ್ಚಿನವರಿಗೆ ಹದಿನೇಳು, ಹದಿನೆಂಟು. ಗಿರಿಜವ್ವ ಮೊಮ್ಮಗಳಿಂದ ಇನ್ನೊಮ್ಮೆ ಎಣಿಕೆ ಮಾಡಿಸಿದಳು. ಲೆಕ್ಕ ಬದಲಾಗಲಿಲ್ಲ.

ಆದರೆ ಇಬ್ಬರ ಕಥೆ ಬೇರೆ ಇತ್ತು. ಒಬ್ಬಾಕೆ ಕನ್ನಡಕ ಹಾಕುವುದನ್ನೇ ಬಿಟ್ಟಿದ್ದಳು. ಗಂಡ ಅವಳನ್ನು 'ಮ್ಯಾನೇಜರಬಾಯಿ' ಎಂದು ದಿನಾ ಆಡಿಕೊಳ್ಳುತ್ತಿದ್ದನಂತೆ. ಇನ್ನೊಬ್ಬಾಕೆ ಮಾಸ್ತಿ. ಅವಳಿಗೆ ಕನ್ನಡಕ ಹಾಕಿದರೂ ಕಾಣಲಿಲ್ಲ. ನಸ್ರೀನ್ ಮತ್ತೆ ಟಾರ್ಚ್ ಹಾಕಿ ನೋಡಿದಳು. ಮುಖ ಸಣ್ಣದಾಯಿತು. ಮಾಸ್ತಿಯ ಕಣ್ಣಿಗೆ ಪೊರೆ ಬರುತ್ತಿತ್ತು, ಮೊದಲ ಸಲ ನೋಡುವಾಗ ಅದು ನಸ್ರೀನಳಿಗೆ ತಪ್ಪಿಹೋಗಿತ್ತು. ಮರುದಿನವೇ ಅವಳನ್ನು ಬಸ್ಸು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದಳು. ಬಂದವಳೇ ಲೆಕ್ಕದ ಪುಸ್ತಕದಲ್ಲಿ ಎರಡೂ ಸಂಗತಿ ಬರೆದಳು. 'ಮಾಸ್ತಿಯ ಕಣ್ಣು ನೋಡುವಾಗ ನಾನು ತಪ್ಪಿದೆ' ಎಂದೂ ಬರೆದಳು.

ಗಿರಿಜವ್ವ ಮೊಮ್ಮಗಳಿಂದ ಅದನ್ನು ಓದಿಸಿಕೊಂಡಳು.

"ಇದನ್ನ ಯಾಕ ಬರದಿ? ನಾಳೆ ಸಹಾಯ ಮಾಡವರು ನೋಡಿದ್ರ ಏನಂದಾರು?"

"ನೋಡಲಿ ಅಂತನೇ ಬರದೀನಿ. ಇಲ್ಲಿ ಮುಚ್ಚಿದ್ರ ಇನ್ನೊಂದು ಊರಾಗ ಇನ್ನೊಬ್ಬ ಮಾಸ್ತಿ ಕಣ್ಣು ಕಳಕೋತಾಳ."

ಹದಿನೆಂಟು ಕಲ್ಲು ಕಂಡಾಗಲೂ ಬದಲಾಗದಿದ್ದ ಗಿರಿಜವ್ವನ ಮುಖ ಈ ಮಾತಿಗೆ ಮೆತ್ತಗಾಯಿತು.

ಅಷ್ಟರಲ್ಲಿ ದುರ್ಗಮ್ಮ ಒಂದು ಕೆಲಸ ಮಾಡಿದ್ದಳು. ಕನ್ನಡಕ ಹಾಕಿಕೊಂಡು ದೇವಿಯ ಮನೆಗೆ ಹೋಗಿ, ಅವಳ ತಾಯಿಯ ಮುಂದೆ ನಿಂತು, "ನಿನ್ನ ಮಗಳ ಹಲ್ಲು ನನ್ನಿಂದ ಹೋತು. ನನಗ ಕಣ್ಣು ಕಾಣ್ತಿರಲಿಲ್ಲ, ಅದು ನನಗ ಗೊತ್ತೂ ಇರಲಿಲ್ಲ. ದಿನಾ ಮುಂಜಾನೆ ಬಂದು ನಾ ಆರಿಸಿದ ಅಕ್ಕಿ ನೋಡು," ಎಂದಿದ್ದಳು. ಆ ತಾಯಿ ಮೂರು ದಿನ ಬಂದು ನೋಡಿದಳು. ನಾಲ್ಕನೇ ದಿನ ಬಂದವಳು ಅಕ್ಕಿ ನೋಡಲಿಲ್ಲ. ಒಲೆಯ ಮುಂದೆ ಕೂತು ಕಾಯಿಪಲ್ಯ ಹೆಚ್ಚಿಕೊಟ್ಟು ಹೋದಳು. ಸಮಿತಿಯ ಸಭೆಯಲ್ಲಿ ದುರ್ಗಮ್ಮನೇ ಇರಲಿ ಎಂದು ಮೊದಲು ಕೈ ಎತ್ತಿದ್ದೂ ಅವಳೇ. ದುರ್ಗಮ್ಮನ ಕೆಲಸ ಉಳಿಯಿತು.

ಉಳಿದ ಹತ್ತು ಮಂದಿಗೆ ಕನ್ನಡಕ ಬಂದ ದಿನ ಗಿರಿಜವ್ವ ತನ್ನದನ್ನು ಎಲ್ಲರೆದುರು ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ಹಾಕಿಕೊಂಡು, ಹೊರಗೆ ಬಂದು, ನಸ್ರೀನಳ ಕೈಯಿಂದ ಸಂಸ್ಥೆಯ ನೋಂದಣಿ ಕಾಗದ ತಗೊಂಡು ಒಂದೊಂದೇ ಸಾಲು ಓದಿದಳು. ಯಾರೂ ಅವಸರ ಮಾಡಲಿಲ್ಲ.

"ಅಧ್ಯಕ್ಷಿ ನೀವೇ ಆಗ್ರಿ," ಎಂದಳು ನಸ್ರೀನ್.

"ಬ್ಯಾಡ. ಅಧ್ಯಕ್ಷಿ ನೀ ಆಗು. ನಾ ಅನುಮಾನ ಪಡೂ ಕೆಲಸ ಮಾಡ್ತೀನಿ. ಯಾವ ಊರಿಗೆ ಹೋದ್ರೂ ನಾ ಹೋಗಿ ಎಣಸ್ತೀನಿ. ಉಪಯೋಗ ಆಗವಲ್ದು ಅಂದ್ರ ನಿಲ್ಲಸ್ತೀನಿ. ಒಪ್ಪತೀಯೇನು?"

ನಸ್ರೀನ್ ಒಪ್ಪಿದಳು. ಅವರು ಬಸ್ಸು ಕೊಳ್ಳಲಿಲ್ಲ. ಉದ್ಘಾಟನೆಗೆ ಶಾಮಿಯಾನ ಹಾಕಿಸುತ್ತೇನೆಂದು ಮುಂದೆ ಬಂದ ಶಿರಸಿಯ ವ್ಯಾಪಾರಿಯೊಬ್ಬರಿಗೆ, ಅದೇ ಖರ್ಚಿನಲ್ಲಿ ಕನ್ನಡಕ ಕೊಡಿಸಿ ಎಂದರು. ಅವರಿಗೆ ಮೊದಲು ಬೇಸರವಾಯಿತು, ಆಮೇಲೆ ಕೊಡಿಸಿದರು. ಒಂದೊಂದು ಊರಿನ ಮಹಿಳಾ ಸಂಘದಲ್ಲಿ ಒಬ್ಬೊಬ್ಬರಿಗೆ ಕಣ್ಣು ನೋಡುವುದನ್ನು ಕಲಿಸಿದರು. ಪೊರೆ ಗುರುತಿಸುವ ಪಾಠ ಎಲ್ಲಕ್ಕಿಂತ ಮೊದಲು. ಎರಡು ವರ್ಷದಲ್ಲಿ ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲೂಕುಗಳ ನಲವತ್ತು ಹಳ್ಳಿ ಮುಟ್ಟಿದರು. ಎರಡು ಹಳ್ಳಿಗಳಲ್ಲಿ ಗಿರಿಜವ್ವ ಕೆಲಸ ನಿಲ್ಲಿಸಿಯೂ ಬಿಟ್ಟಳು. ಅಲ್ಲಿ ಕಲಿತವರು ಸರಿಯಾಗಿ ನೋಡುತ್ತಿರಲಿಲ್ಲ. ಮತ್ತೆ ಕಲಿಸಿ ಮತ್ತೆ ಶುರುಮಾಡಿದರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಾಗದವನ್ನು ನೀವು ತೋಳು ಚಾಚಿ ದೂರ ಹಿಡಿದು ಓದುತ್ತಿದ್ದೀರಾ? ನಲವತ್ತು ದಾಟಿದೆಯಾ? ಹಾಗಾದರೆ ಕಣ್ಣು ತೋರಿಸಿ. ದೂರದ್ದೂ ಮಸುಕಾಗಿದ್ದರೆ, ಕಣ್ಣು ನೋಯುತ್ತಿದ್ದರೆ, ಕೆಂಪಗಾಗಿದ್ದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಯಾರಾದರೂ ಕನ್ನಡಕ ಹಾಕಿಕೊಂಡರೆ ದಯವಿಟ್ಟು ಆಡಿಕೊಳ್ಳಬೇಡಿ.

ಊರಿಗೆ ಏನಾದರೂ ಒಳ್ಳೆಯದು ಮಾಡಬೇಕು ಎಂಬ ಆಸೆ ನಿಮಗಿದ್ದರೆ, ಬೋರ್ಡ್ ಬರೆಸುವ ಮುಂಚೆ ನಾಲ್ಕು ಮನೆಗೆ ಹೋಗಿ ಕೇಳಿ. ಯಾರೂ ನೋಡದೆ ಬಿಟ್ಟ ತೊಂದರೆ ಯಾವುದು, ಕಡಿಮೆ ಖರ್ಚಿನಲ್ಲಿ ಹೆಚ್ಚು ಮಂದಿಗೆ ಆಗುವ ಉಪಾಯ ಯಾವುದು ಎಂದು ಹುಡುಕಿ. ಮೊದಲು ಸಣ್ಣದಾಗಿ ಮಾಡಿ ನೋಡಿ, ಎಣಿಸಿ, ತಪ್ಪಿದ್ದನ್ನೂ ಬರೆದಿಡಿ. ನಿಮ್ಮನ್ನು ನಂಬದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಿಮ್ಮ ಪಕ್ಕದ ಮನೆಯಲ್ಲೇ ಯಾರೋ ಒಬ್ಬರು ತಮ್ಮದಲ್ಲದ ತಪ್ಪಿಗೆ ಮಾತು ಕೇಳುತ್ತಾ ಕೂತಿರಬಹುದು. ನಾಳೆ ಅವರ ಮನೆಯಿಂದಲೇ ಶುರುಮಾಡಿ.