ಎರಡನೆಯ ಹೀಟರ್

ಆ ಕೋಣೆಯನ್ನು ಬೆಚ್ಚಗೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಈಗ ಯಾರಿಗೂ ಅದರ ನೆನಪಿಲ್ಲ.

ನನ್ನ ಹೆಂಡತಿಗೆ ಮನೆಯಿಂದಲೇ ಕೆಲಸ. ಟಿವಿ ಧಾರಾವಾಹಿಗಳ ಮಾತನ್ನು ಕೇಳಿಸಿಕೊಂಡು, ಪರದೆಯ ಕೆಳಗೆ ಬರುವ ಸಾಲುಗಳನ್ನು ಟೈಪ್ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂರಬೇಕು. ಚಳಿಗೆ ಬೆರಳು ಮರಗಟ್ಟಿದರೆ ಕೆಲಸ ನಿಂತುಹೋಗುತ್ತದೆ. ಅಮ್ಮನಿಗೆ ಮೊಣಕಾಲುನೋವು, ಥಂಡಿ ತಾಗಿದರೆ ಕುರ್ಚಿಯಿಂದ ಏಳಲಾರಳು. ನಾನು ಲಿಫ್ಟ್ ಮೆಕ್ಯಾನಿಕ್, ಹಗಲೆಲ್ಲ ಬೇರೆಯವರ ಕಟ್ಟಡಗಳಲ್ಲಿ ಹತ್ತಿ ಇಳಿಯುವವನು. ಮನೆಯಿಡೀ ಬಿಸಿ ಮಾಡಹೊರಟರೆ ಕರೆಂಟ್ ಬಿಲ್ ಕಟ್ಟುವುದರಲ್ಲೇ ಸಂಬಳ ಮುಗಿಯುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮುಂಚೆಯೇ ಒಂದು ತೀರ್ಮಾನ ಮಾಡಿದೆ: ಹಗಲಲ್ಲಿ ಒಂದೇ ಕೋಣೆಗೆ ಹೀಟರ್, ಇಬ್ಬರೂ ಅಲ್ಲೇ ಕೂರಬೇಕು.

ಮನೆಯ ಅತಿ ಚಿಕ್ಕ ಕೋಣೆಯನ್ನು ಆರಿಸಿದೆ. ಕಿಟಕಿಯ ಸಂದಿಗೆ ಹಳೆಯ ಲಿಫ್ಟ್ ಬಾಗಿಲಿನ ರಬ್ಬರ್ ಪಟ್ಟಿ ಬಡಿದೆ. ಗಾಜಿಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿ, ದಪ್ಪ ಪರದೆ ಇಳಿಬಿಟ್ಟೆ. ಬಾಗಿಲ ಕೆಳಗೆ ಕಂಬಳಿಯ ಸುರುಳಿ ಇಟ್ಟೆ. ಮೇಜನ್ನು ಹೊರಗೋಡೆಯಿಂದ ಎಳೆದು ಒಳಗೋಡೆಗೆ ತಂದು, ಕಾಲ ಕೆಳಗೆ ಜಮಖಾನ ಹಾಸಿದೆ. ಎಣ್ಣೆ ತುಂಬಿದ ಹೀಟರನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಜೋರಾಗಿ, ಆಮೇಲೆ ಸಣ್ಣಗೆ ಇಟ್ಟು, ಕೆಲಸ ಮುಗಿಯುವ ಮುಂಚೆಯೇ ಆರಿಸಬೇಕು. ಉಳಿದ ಹೊತ್ತಿಗೆ ಎಣ್ಣೆಯ ಕಾವೇ ಸಾಕು. ಕಂಪ್ಯೂಟರಿನ ಬಿಸಿ, ಇಬ್ಬರ ಮೈಶಾಖ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಹತ್ತಿರ ಕೂತವರು ಮಾತಾಡಿಕೊಂಡಾರು ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಅಲ್ಲಿಯವರೆಗೆ ಅತ್ತೆ ಸೊಸೆ ಹಾವು ಮುಂಗುಸಿ ಇದ್ದ ಹಾಗಿದ್ದರು. ಸಂಜೆ ನಾನು ಬೂಟು ಬಿಚ್ಚುವ ಮುಂಚೆಯೇ ಒಬ್ಬಳು "ನಿಮ್ಮಮ್ಮ ಇವತ್ತು ಏನು ಮಾಡಿದ್ರು ಗೊತ್ತಾ?" ಎಂದರೆ, ಇನ್ನೊಬ್ಬಳು "ನಿನ್ ಹೆಂಡ್ತಿಗೆ ಸ್ವಲ್ಪ ಬುದ್ಧಿ ಹೇಳೋ" ಎನ್ನುತ್ತಿದ್ದಳು. ಜೊತೆ ಕೆಲಸದವರ ಮುಂದೆ ನಾನು "ಸಾಕಪ್ಪಾ ಸಾಕು" ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಅದು ನನಗೆ ಇಷ್ಟವಾಗಿತ್ತು. ಹೊರಗೆ ನನ್ನನ್ನು ಕೇಳುವವರು ಯಾರು? ಲಿಫ್ಟ್ ನಿಂತರೆ ಬೈಯುತ್ತಾರೆ, ಓಡಿದರೆ ನನ್ನ ನೆನಪೇ ಇರುವುದಿಲ್ಲ. ಮನೆಯಲ್ಲಿ ಮಾತ್ರ ನನ್ನ ಮಾತಿಲ್ಲದೆ ಒಂದು ಜಗಳವೂ ಮುಗಿಯುತ್ತಿರಲಿಲ್ಲ.

ಕೋಣೆ ಸೇರಿದ ಮೇಲೆ ಮೊದಮೊದಲು ಇಬ್ಬರೂ ಮುಖ ಊದಿಸಿಕೊಂಡೇ ಕೂರುತ್ತಿದ್ದರಂತೆ. ಒಂದು ದಿನ ಧಾರಾವಾಹಿಯ ಅಜ್ಜಿ ಗೊಣಗಿದ ಮಾತೊಂದು ಹೆಂಡತಿಗೆ ಎಷ್ಟು ಸಲ ಕೇಳಿದರೂ ಅರ್ಥವಾಗಲಿಲ್ಲ. ಅಮ್ಮ ಮೂಲೆಯಿಂದಲೇ ಅದನ್ನು ಥಟ್ಟನೆ ಹೇಳಿಬಿಟ್ಟಳು. ನಾನು ಕರೆದರೆ ಕೇಳಿಸದ ಕಿವಿ ಅದು! ಅಲ್ಲಿಂದ ಮುಂದೆ ಅಮ್ಮನ ಕುರ್ಚಿ ದಿನಕ್ಕಿಷ್ಟು ಸರಿಯುತ್ತಾ ಮೇಜಿನ ಪಕ್ಕಕ್ಕೇ ಬಂತು. ಮುಂದೇನಾಗುತ್ತದೆಂದು ಊರಿಗೆ ಊರೇ ಕಾಯುವ ಧಾರಾವಾಹಿಯ ಕಥೆ ಇವರಿಬ್ಬರಿಗೆ ಮುಂಚಿತವಾಗಿ ಗೊತ್ತು. ಹೊರಗೆ ಬಾಯಿ ಬಿಡಬಾರದೆಂದು ಕಂಪನಿಯ ಕಟ್ಟಪ್ಪಣೆ.

ಒಂದು ಸಂಜೆ ನಾನು ಬಂದಾಗ ಬಾಗಿಲಾಚೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲು ತೆರೆದೆ. ನಗು ನಿಂತಿತು.

"ಏನು ವಿಷಯ?" ಎಂದೆ.

"ಬಾಗಿಲು ಹಾಕ್ರೀ, ಬಿಸಿ ಎಲ್ಲಾ ಹೋಗ್ತಿದೆ," ಎಂದಳು ಹೆಂಡತಿ.

"ಏನಕ್ಕೆ ನಗ್ತಿದ್ರಿ ಅಂತ ಕೇಳ್ದೆ."

"ಅದು ಹೊರಗಿನವ್ರಿಗೆ ಹೇಳೋ ಹಾಗಿಲ್ಲ ಕಣೋ," ಎಂದಳು ಅಮ್ಮ. ಹೆಂಡತಿ ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು.

ಹೊರಗಿನವರು! ನಾನೇ ಬಡಿದ ರಬ್ಬರ್, ನಾನೇ ಅಂಟಿಸಿದ ಪ್ಲಾಸ್ಟಿಕ್, ನಾನು ಹೊರಗಿನವನು. ಮೈಯೆಲ್ಲಾ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಆರಿದ ಟೀ ಕುಡಿದೆ.

ಆಮೇಲೆ ಎಲ್ಲದರಲ್ಲೂ ಅದೇ ಕಣ್ಣಿಗೆ ಬೀಳತೊಡಗಿತು. "ನಿನ್ ಹೆಂಡ್ತಿ" ಹೋಗಿ "ನಮ್ಮ ಹುಡುಗಿ" ಆಗಿದ್ದಳು. "ನಿಮ್ಮಮ್ಮ" ಹೋಗಿ ಬಾಯಿ ತುಂಬಾ "ಅತ್ತೆ" ಬಂದಿತ್ತು. ಊಟಕ್ಕೆ ಕೂತರೆ ಒಬ್ಬಳು ಹುಬ್ಬು ಹಾರಿಸುತ್ತಾಳೆ, ಇನ್ನೊಬ್ಬಳಿಗೆ ನಗು ಬರುತ್ತದೆ, ನಾನು ನಡುವೆ ಬೆಪ್ಪನ ಹಾಗೆ ಅನ್ನ ಕಲಸುತ್ತೇನೆ. ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಗಿತ್ತು. ಅದೂ ಹಗಲಲ್ಲೇ ಮುಗಿದಿರುತ್ತಿತ್ತು. ಹೆಂಡತಿಗೆ ತಲೆನೋವೆಂದು ನನಗೆ ಅಮ್ಮನಿಂದ ತಿಳಿಯುತ್ತಿತ್ತು. ಯಾರ ಮೇಲೆ ಹೊಟ್ಟೆಕಿಚ್ಚು ಎಂದು ಕೇಳಿದರೆ ಹೇಳುವುದು ಕಷ್ಟ. ಅಮ್ಮನನ್ನು ಕಂಡರೆ ಹೆಂಡತಿಯನ್ನು ಕಿತ್ತುಕೊಂಡಳು ಅನ್ನಿಸುತ್ತಿತ್ತು, ಹೆಂಡತಿಯನ್ನು ಕಂಡರೆ ಅಮ್ಮನನ್ನು.

ಇನ್ನೊಂದು ಹೀಟರ್ ತಂದದ್ದು ಆಗ.

"ಅಮ್ಮನ ಕೋಣೆಗೆ. ಅವಳಿಗೂ ತನ್ನದು ಅಂತ ಒಂದು ಜಾಗ ಬೇಡ್ವಾ? ಮಲಗ್ಬೇಕು ಅನ್ಸಿದಾಗ ಮಲಗ್ಬಹುದು," ಎಂದೆ.

"ಒಂದೇ ಕೋಣೆ ಸಾಕು ಅಂತ ನಮ್ಮ ತಲೆ ತಿಂದಿದ್ದು ನೀವೇ ಅಲ್ವಾ?" ಎಂದಳು ಹೆಂಡತಿ.

"ಬಿಲ್ ಕಟ್ಟೋನು ನಾನು. ಅಮ್ಮನಿಗಿಂತ ಬಿಲ್ ಹೆಚ್ಚಾ?"

ಆ ಮಾತಿಗೆ ಯಾರು ಎದುರಾಡುತ್ತಾರೆ? ಅಮ್ಮ ಹೆಂಡತಿಯ ಮುಖ ನೋಡಿದಳು, ಹೆಂಡತಿ ಅಮ್ಮನ ಮುಖ ನೋಡಿದಳು. ಅಮ್ಮ ಕುರ್ಚಿ ಹಿಡಿದು ತನ್ನ ಕೋಣೆಗೆ ಹೊರಟಳು. ಆ ಕೋಣೆಗೂ ರಬ್ಬರ್ ಪಟ್ಟಿ ಹಾಕಿಕೊಟ್ಟೆ. ಇಷ್ಟು ಒಳ್ಳೆಯ ಮಗ ಯಾರಿಗಿದ್ದಾನೆ ಎಂದು ಪಕ್ಕದ ಮನೆಯವರೂ ಹೇಳಿದರು.

ಮನೆ ತಣ್ಣಗಾಯಿತು. ಎರಡು ಹೀಟರ್ ಉರಿಯುತ್ತಿದ್ದವು, ಎರಡು ಬಾಗಿಲು ಮುಚ್ಚಿರುತ್ತಿದ್ದವು, ಊಟದ ಹೊತ್ತಿಗೆ ಹುಬ್ಬು ಹಾರುತ್ತಿರಲಿಲ್ಲ. ನಾನು ಕಾದೆ. ದೂರು ಬಂದೇ ಬಂತು.

ಮೊದಲು ಬಂದವಳು ಹೆಂಡತಿ. ಬಟ್ಟೆ ಮಡಿಸುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಅತ್ತೆ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ನನ್ನ ಜೊತೆ ಕೂತು ಬೇಜಾರಾಯ್ತು ಅಂತ?"

ಇಲ್ಲ ಎನ್ನಬೇಕಿತ್ತು. "ವಯಸ್ಸಾದವ್ರು, ಒಂದೊಂದು ಸಲ ಹಾಗೆ," ಎಂದೆ.

ಮಾರನೆಯ ದಿನ ಅಮ್ಮ. "ನಮ್ಮ ಹುಡುಗೀಗೆ ನಾನು ಅಡ್ಡಿ ಆದ್ನೇನೋ? ಕೆಲಸದ ಮಧ್ಯೆ ಬಾಯಿ ಹಾಕ್ತಿದ್ದೆ. ಹೇಳೋಕೆ ಸಂಕೋಚ ಆಗಿ ನಿನ್ನ ಕೈಲಿ ಹೀಟರ್ ತರ್ಸಿದ್ಳಾ?"

"ಅವಳಿಗೂ ಕೆಲಸದ ಒತ್ತಡ ಇರುತ್ತಲ್ಲಮ್ಮ," ಎಂದೆ.

ನಾನು ಒಂದೂ ಸುಳ್ಳು ಹೇಳಿರಲಿಲ್ಲ. ಮತ್ತೆ ಇಬ್ಬರೂ ನನ್ನ ಹತ್ತಿರ ಬರುವಂತಾಗಿತ್ತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಆದರೆ ಮೊದಲಿನ ರುಚಿ ಇರಲಿಲ್ಲ. ದೂರು ಹೇಳುವಾಗಲೂ ಅಮ್ಮನ ಬಾಯಲ್ಲಿ "ನಮ್ಮ ಹುಡುಗಿ" ಹಾಗೇ ಇತ್ತು. ಇವರು ಒಬ್ಬರ ಮೇಲೊಬ್ಬರು ಸಿಟ್ಟಾಗಿರಲಿಲ್ಲ, ಒಬ್ಬರಿಗಾಗಿ ಒಬ್ಬರು ಕೊರಗುತ್ತಿದ್ದರು. ಅದನ್ನು ಕಂಡು ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಭಾನುವಾರ ಬೆಳಿಗ್ಗೆ ನೋಡಿದರೆ ಅಮ್ಮ ಹಾಸಿಗೆಯ ಮೇಲೆ ಬ್ಯಾಗ್ ಇಟ್ಟು ಬಟ್ಟೆ ತುಂಬುತ್ತಿದ್ದಳು. ದೂರದ ಊರಿನಲ್ಲಿರುವ ನನ್ನ ಅಕ್ಕನಿಗೆ ಆಗಲೇ ಫೋನ್ ಮಾಡಿಯಾಗಿತ್ತು.

"ಈ ಚಳಿಗಾಲ ಅಲ್ಲೇ ಇರ್ತೀನಿ. ಮುಂದಿನದು ಆಮೇಲೆ ನೋಡೋಣ. ಒಬ್ಬಳಿಗೋಸ್ಕರ ಒಂದು ಹೀಟರ್ ಯಾಕೆ ದಂಡ?" ಎಂದಳು.

ಮುಂದಿನದು ಎಂದರೇನು? ಒಮ್ಮೆ ಹೋದರೆ ಅಕ್ಕ ಬಿಡುವವಳಲ್ಲ, ಅಮ್ಮನೂ ಕರೆಯದೆ ವಾಪಸ್ಸು ಬರುವವಳಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ತಡೆಯುತ್ತಾಳೆ ಎಂದುಕೊಂಡೆ. ಅವಳು ಒಳಗೆ ಬಂದು ಅಮ್ಮನ ಶಾಲು ಮಡಿಸತೊಡಗಿದಳು.

"ಅಲ್ಲಿ ಆರಾಮಾಗಿರಿ ಅತ್ತೆ," ಎಂದಳು.

"ನೀನೂ ನೆಮ್ಮದಿಯಾಗಿ ಕೆಲಸ ಮಾಡ್ಕೋಮ್ಮ," ಎಂದಳು ಅಮ್ಮ.

ಆ ಮರ್ಯಾದೆ ಕೇಳಿ ನನಗೆ ಭಯವಾಯಿತು. ಹೆಂಡತಿ ಅದೇ ಶಾಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಅಮ್ಮ ಒಂದು ಸೀರೆಯನ್ನು ಬ್ಯಾಗಿಗೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಇವಳು ಬಗ್ಗಿದಾಗ ಅವಳು ಇವಳ ಮುಖ ನೋಡುತ್ತಾಳೆ, ಅವಳು ತಿರುಗಿದಾಗ ಇವಳು ಅವಳ ಬೆನ್ನು ನೋಡುತ್ತಾಳೆ. ಮನೆ ಬಿಟ್ಟು ಹೊರಟವಳು ನನ್ನ ತಾಯಿ, ಎದುರಿಗೆ ನಿಂತವನು ಅವಳ ಒಬ್ಬನೇ ಮಗ. ಒಂದು ಸಲವಾದರೂ ನನ್ನ ಕಡೆ ನೋಡಬೇಡವೇ? ಆ ಹೊತ್ತಿನಲ್ಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ.

"ನಾನೂ ಇಲ್ಲೇ ನಿಂತಿದೀನಿ! ನನ್ನ ಕಡೆ ಯಾರಾದ್ರೂ ನೋಡ್ತೀರಾ?" ಎಂದು ಕೂಗಿಬಿಟ್ಟೆ.

ಇಬ್ಬರೂ ನೋಡಿದರು.

"ಹೀಟರ್ ತಾ ಅಂತ ಅವಳು ಕೇಳ್ಲಿಲ್ಲಮ್ಮ. ನೀನೂ ಬೇಜಾರಾಯ್ತು ಅಂತ ಹೇಳ್ಲಿಲ್ಲ. ನಾನೇ ತಂದೆ. ನೀವಿಬ್ರೂ ಅಷ್ಟು ಚೆನ್ನಾಗಿದ್ರಿ, ನನ್ನ ಕೈಲಿ ನೋಡೋಕೆ ಆಗ್ಲಿಲ್ಲ. ನೀವಿಬ್ರೂ ಕೇಳ್ದಾಗ ಬೇಕಂತಲೇ ಇಲ್ಲ ಅನ್ಲಿಲ್ಲ."

ಹೆಂಡತಿ ಕೈಯಲ್ಲಿದ್ದ ಶಾಲನ್ನು ಹಾಸಿಗೆಯ ಮೇಲಿಟ್ಟಳು. ಅವಳು ನನ್ನನ್ನು ಬೈಯಲೂ ಇಲ್ಲ. ಅಮ್ಮನ ಹತ್ತಿರ ಹೋಗಿ, "ನಿಮಗೆ ನನ್ನ ಮೇಲೆ ಬೇಜಾರಿರ್ಲಿಲ್ವಾ ಅತ್ತೆ?" ಎಂದಳು.

"ನಂಗ್ಯಾಕೆ ಬೇಜಾರು? ನಿಂಗೇ ನಾನು ಭಾರ ಆದೆ ಅಂದ್ಕೊಂಡೆ," ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗದೆಯೇ, "ಇವನು ಚಿಕ್ಕವನಿದ್ದಾಗಲೂ ಹಿಂಗೇ ಕಣೇ. ಅವರಕ್ಕ ನನ್ನ ಪಕ್ಕ ಮಲಗಿದ್ರೆ ನಡುವೆ ಬಂದು ತೂರ್ಕೊಳ್ತಿದ್ದ. ಅವಳನ್ನ ಒದ್ದು ಆಚೆ ತಳ್ಳೋನು," ಎಂದಳು.

"ಎಲ್ಲಾ ಆಮೇಲೆ ಹೇಳಿ. ಮೊದ್ಲು ಆ ಕೋಣೆಗೆ ಬನ್ನಿ, ಕೈ ನೋಡಿ ಎಷ್ಟು ತಣ್ಣಗಿದೆ," ಎಂದಳು ಹೆಂಡತಿ.

ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನನ್ನನ್ನು ದಾಟಿ ಹೋದರು. ಬಾಗಿಲು ಮುಚ್ಚಿತು. ನಾನು ಒಬ್ಬನೇ ಕೂತು ಅಮ್ಮನ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಬೀರುವಿನಲ್ಲಿಟ್ಟೆ. ಅಕ್ಕನಿಗೆ ಫೋನ್ ಮಾಡಿ ಅಮ್ಮ ಬರುವುದಿಲ್ಲವೆಂದೆ. ಯಾಕೆ ಎಂದಳು, ಏನೋ ಒಂದು ಹೇಳಿದೆ. ಆಮೇಲೆ ಹೋಗಿ ಆ ಬಾಗಿಲು ತಟ್ಟಿದೆ. ನನ್ನ ಮನೆಯಲ್ಲಿ ನಾನು ಬಾಗಿಲು ತಟ್ಟಿದ್ದು ಅದೇ ಮೊದಲು.

"ನಾನೂ ಒಳಗೆ ಬರ್ಲಾ?"

ಒಳಗೆ ಸ್ವಲ್ಪ ಹೊತ್ತು ಪಿಸುಪಿಸು ಕೇಳಿಸಿತು.

"ತಾಳು, ಇಬ್ರೂ ಮಾತಾಡ್ಕೊಂಡು ಹೇಳ್ತೀವಿ," ಎಂದಳು ಅಮ್ಮ.

ಒಳಗೆ ಹೆಂಡತಿ ಏನೋ ಅಂದಳು, ಅಮ್ಮ ಅದಕ್ಕೆ ಏನೋ ಅಂದಳು. ಎಷ್ಟು ಕಿವಿಗೊಟ್ಟರೂ ನನಗೆ ಒಂದಕ್ಷರ ತಿಳಿಯಲಿಲ್ಲ. ಆಗಲಿ ಎಂದು ನಾನು ಅಲ್ಲೇ ನಿಂತೆ.